ತುಂಗಭದ್ರೆಯ ಹೂಳು: ತೆಗೆದ ಮಣ್ಣಿಗೆ ಎಡೆಯೆಲ್ಲಿ?

ಪ್ರತಿ ವರ್ಷವೂ ಬೇಸಗೆ ಬಲಿತು ಹೊಸಪೇಟೆಯ ಜಲಾಶಯವು ತಳ ಕಾಣುವ ಹೊತ್ತಿಗೆ ಹೂಳನ್ನು ತೆಗೆಯಿಸಬೇಕೆಂಬ ಕೂಗು ತುಂಗಭದ್ರೆಯ ಎರಡು ದಡಗಳಲ್ಲಿಯೂ ಏಳುತ್ತದೆ. ಮುಂಗಾರು ಬಂದು ನೀರು ಏರಿದೊಡನೆ ಆ ಕೂಗೂ ಹೂಳಿನೊಡನೆ ಮುಳುಗಿಹೋಗುತ್ತದೆ. ಕೂಗೇನೋ ನ್ಯಾಯವಾದುದು. ಆದರೆ ತೆಗೆದ ಮಣ್ಣನ್ನು ಎಲ್ಲಿ ಹಾಕಬೇಕು, ಯಾರ ನೆಲದಲ್ಲಿ ಹಾಕಬೇಕು, ಮುಂದಿನ ಮಳೆಗೆ ಅದು ಮರಳಿ ಹೊಳೆಗೆ ಇಳಿಯದಂತೆ ಕಾಯುವವರು ಯಾರು ಎಂಬ ಪ್ರಶ್ನೆಗಳಿಗೆ ಉತ್ತರವು ಕೇಳಿಬರುವುದು ಬಹು ಅಪರೂಪ. ಇಂದು ನಾವು ವಾಚಕರ ಮುಂದಿಡಬಯಸುವುದು ಈ ಪ್ರಶ್ನೆಗಳನ್ನೇ.

ಮೊದಲು ಲೆಕ್ಕವನ್ನು ನೋಡೋಣ. 1945ರಲ್ಲಿ ಕೆಲಸ ಮೊದಲಾಗಿ 1953ರಲ್ಲಿ ನೀರು ತುಂಬಿದ ಈ ಜಲಾಶಯವು ಆಗ ಸುಮಾರು 132 ಟಿ.ಎಂ.ಸಿ. ನೀರನ್ನು ಹಿಡಿಯುತ್ತಿದ್ದಿತು. 2016ರ ಅಳತೆಯ ಪ್ರಕಾರ ಅದು ಹಿಡಿಯುವುದು ಸುಮಾರು 105 ಟಿ.ಎಂ.ಸಿ. ಮಾತ್ರ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ನೀರಿನ ಸ್ಥಳವನ್ನು ಆಕ್ರಮಿಸಿರುವ ಮಣ್ಣು ಹೆಚ್ಚು ಕಡಿಮೆ 75 ಕೋಟಿ ಘನ ಮೀಟರಾಯಿತು. ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಗಳ ಕಾಲುವೆಯ ಕೊನೆಯಲ್ಲಿರುವ ರೈತನು ಎರಡನೆಯ ಬೆಳೆಗೆ ನೀರಿಲ್ಲವೆಂಬ ಮಾತನ್ನು ಕೇಳಬೇಕಾಗಿ ಬಂದಾಗ, ಆತನ ಪಾಲನ್ನು ನುಂಗಿದವರಲ್ಲಿ ಈ ಮಣ್ಣೂ ಒಂದು.

ಒಂದು ಟಿಪ್ಪರು ಒಂದು ಸಲಕ್ಕೆ 10 ಘನ ಮೀಟರು ಹೊರುವುದೆಂದೂ, ದಿನಕ್ಕೆ ಸಾವಿರ ಗಾಡಿಗಳು ಬಿಡುವಿಲ್ಲದೆ ಓಡುವುವೆಂದೂ ಇಟ್ಟುಕೊಂಡರೂ, ಇಷ್ಟು ಮಣ್ಣನ್ನು ಸಾಗಿಸಲು ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಬೇಕು. ಅಷ್ಟರಲ್ಲಿ ಹೊಳೆಯು ಸುಮ್ಮನಿರುವುದೇ? 1953ರಿಂದ 2016ರವರೆಗಿನ ಸರಾಸರಿಯನ್ನು ಹಿಡಿದರೆ ವರ್ಷಕ್ಕೆ ಇಂತಹ 12 ಲಕ್ಷ ಗಾಡಿಗಳ ಹೂಳು ಹೊಸದಾಗಿ ಬಂದು ಸೇರಿದೆ. ನಮ್ಮ ಸಾವಿರ ಗಾಡಿಗಳು ಹೊರುವುದಾದರೋ ವರ್ಷಕ್ಕೆ ಮೂರೂವರೆ ಲಕ್ಷಕ್ಕೆ ಸ್ವಲ್ಪ ಮಿಕ್ಕು. ಇನ್ನು ಸ್ಥಳದ ಮಾತು. ಒಟ್ಟು ಹೂಳನ್ನು ಮೂರು ಮೀಟರು ಎತ್ತರಕ್ಕೆ ಒಟ್ಟಿದರೂ ಅದಕ್ಕೆ 62,000 ಎಕರೆ ನೆಲ ಬೇಕಾದೀತು. ಜಲಾಶಯದಲ್ಲಿ ಮುಳುಗಿದ ನೆಲವೇ ಸುಮಾರು 93,000 ಎಕರೆ. ಎಂದರೆ ಮುಳುಗಡೆಯ ಮೂರರಲ್ಲಿ ಎರಡು ಪಾಲಿನಷ್ಟು ನೆಲವನ್ನು ಮತ್ತೊಮ್ಮೆ ಕೇಳಿದಂತಾಯಿತು.

ಅಣೆಕಟ್ಟಿಗಾಗಿ ನಾರಾಯಣದೇವರಕೆರೆಯಂತಹ ಊರುಗಳು ಒಮ್ಮೆ ಮುಳುಗಿದುವು. ಆ ಸೀಮೆಯ ಜನರನ್ನೇ ಕುರಿತು, ಅಂದು ನೀರಿಗೆ ನೆಲ ಕೊಟ್ಟಿರಿ, ಇಂದು ಮಣ್ಣಿಗೂ ಕೊಡಿರೆಂದು ಹೇಳಲು ಯಾವ ಸರ್ಕಾರಕ್ಕೂ ಬಾಯಿ ಬರಬಾರದು.

ಹಾಗಾದರೆ ಕೈಕಟ್ಟಿ ಕುಳಿತಿರಬೇಕೇ? ಅದು ನಮ್ಮ ಅಭಿಪ್ರಾಯವಲ್ಲ. ನವಲಿಯ ಬಳಿ ಸಮತೋಲನ ಜಲಾಶಯವೊಂದನ್ನು ಕಟ್ಟಿದರೆ ಸಾಕೆಂಬ ವಾದವೂ ಉಂಟು. ಅದರ ಗುಣದೋಷಗಳು ಬೇರೆಯೇ ವಿಚಾರ. ಆದರೆ ಹೊಸ ಪಾತ್ರೆಯನ್ನು ತಂದ ಮಾತ್ರದಿಂದ ಹಳೆಯ ಪಾತ್ರೆಯಲ್ಲಿ ಕೆಸರು ತುಂಬುವುದು ನಿಲ್ಲದು. ಎಲ್ಲವನ್ನೂ ತೆಗೆಯಲಾಗದೆಂಬುದು ನಿಜವಾದರೆ, ಯಾವುದನ್ನು, ಎಲ್ಲಿಂದ, ಯಾರಿಗಾಗಿ ತೆಗೆಯಬೇಕೆಂಬುದನ್ನು ಮೊದಲು ನಿರ್ಣಯಿಸುವುದೇ ವಿವೇಕ.

ಹೊಳೆಯು ಜಲಾಶಯವನ್ನು ಸೇರುವಲ್ಲಿ ವೇಗ ಕುಗ್ಗಿ ದಪ್ಪ ಮರಳನ್ನು ಮೊದಲು ಇಳಿಸುತ್ತದೆ. ನುಣ್ಣನೆಯ ಜೇಡಿಯು ಮುಂದೆ ಸಾಗಿ ಕಟ್ಟೆಯ ಕಡೆಗೆ ನೆಲೆಸುತ್ತದೆ. ಮರಳಿಗೆ ಪೇಟೆಯಲ್ಲಿ ಬೆಲೆಯುಂಟು, ಜೇಡಿಗೆ ಹೊಲದಲ್ಲಿ ಬೆಲೆಯುಂಟು. 2017ರ ಬೇಸಗೆಯಲ್ಲಿ ರೈತರು ತಾವೇ ಮುಂದಾಗಿ ಜಲಾಶಯದ ಹೂಳೆತ್ತಲು ತೊಡಗಿದುದು ಈ ಬೆಲೆಯನ್ನು ಬಲ್ಲವರಾದುದರಿಂದಲೇ. ಅವರು ತೆಗೆದುದು ಸಮುದ್ರದಲ್ಲಿ ಒಂದು ಬೊಗಸೆಯಾಗಿರಬಹುದು. ಆದರೆ ಮಣ್ಣಿಗೆ ಎಡೆಯು ರೈತನ ಹೊಲವೇ ಎಂಬ ದಾರಿಯನ್ನು ಅವರು ತೋರಿಸಿದರು.

ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿಗಳ ಹಿನ್ನೀರಿನ ಅಂಚಿನಲ್ಲಿ ಬೇಸಗೆಗೆ ಒಣಗುವ ಹೂಳು ಹತ್ತಿರದ ಹೊಲಗಳಿಗೆ ಹೋಗಬಹುದು. ಆದರೆ ಅದನ್ನು ಹರಪನಹಳ್ಳಿಯ ತೆಲಿಗಿ ಹೋಬಳಿಯವರೆಗೆ ಹೊತ್ತರೆ ಮಣ್ಣಿಗಿಂತ ಬಾಡಿಗೆಯೇ ಭಾರವಾದೀತು. ಅಲ್ಲಿಯವರಿಗೆ ಬೇಕಾದ ಮಣ್ಣು ಅಲ್ಲಿಯ ಕೆರೆಗಳಲ್ಲಿಯೇ ಇದೆ. ಬೇಸಗೆಯಲ್ಲಿ ಬಂಡಿ ಕಟ್ಟಿ ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುತ್ತಿದ್ದುದು ನಮ್ಮ ಹಿರಿಯರ ವಾಡಿಕೆ. ತುಂಗಭದ್ರೆಯ ನೀರನ್ನು ಎತ್ತಿ ಹರಪನಹಳ್ಳಿ ಸೀಮೆಯ ಕೆರೆಗಳನ್ನು ತುಂಬಿಸುವ ಯೋಜನೆಗೆ ಹಣ ಹಾಕಿದ ಸರ್ಕಾರದವರು, ಹೂಳು ತುಂಬಿದ ಕೆರೆಗೆ ವಿದ್ಯುತ್ತು ಸುಟ್ಟು ನೀರೆತ್ತುವ ಮೊದಲು ಆ ಹೂಳಿನ ಗತಿಯನ್ನೂ ಯೋಚಿಸುವುದು ಯುಕ್ತ.

ರೈತನು ಒಯ್ದು ಮಿಕ್ಕ ಮಣ್ಣನ್ನು ಒಟ್ಟಲು ಸ್ಥಳವು ಬೇಕೇ ಬೇಕು. ಅದನ್ನು ಕಂತ್ರಾಟು ಕೊಟ್ಟ ಮೇಲೆ ಹುಡುಕುವುದಲ್ಲ, ಮೊದಲೇ ಗೊತ್ತುಮಾಡಬೇಕು. ಅದು ಜಲಾಶಯದ ಪೂರ್ಣ ಮಟ್ಟವಾದ 1,633 ಅಡಿಗಿಂತ ಮೇಲಿರಬೇಕು, ಹಳ್ಳದ ದಾರಿಯಲ್ಲಿರಬಾರದು. ಸುತ್ತ ಬದು ಹಾಕಿ, ಬಸಿನೀರು ತಿಳಿಯಾದ ಮೇಲೆಯೇ ಹೊರಬೀಳುವಂತೆ ಮಾಡಬೇಕು. ಗಣಿಸೀಮೆಯ ದೂಳು ಬೆರೆತಿರಬಹುದಾದ ಮಣ್ಣನ್ನು ಪರೀಕ್ಷಿಸದೆ ಹೊಲಕ್ಕೆ ಬಿಡಕೂಡದು. ಗೋಮಾಳಕ್ಕೆ ಕೈ ಹಾಕುವುದಾದರೆ ಗ್ರಾಮಸಭೆಯ ಒಪ್ಪಿಗೆ ಬೇಕು. ಹಣವನ್ನು ಗಾಡಿಗಳ ಎಣಿಕೆಯ ಮೇಲೆ ಕೊಡದೆ, ತೋಡಿದ ಗುಂಡಿಯನ್ನೂ ಒಟ್ಟಿದ ರಾಶಿಯನ್ನೂ ಅಳೆದು, ಎರಡೂ ತಾಳೆಯಾದ ಬಳಿಕವೇ ಕೊಡಬೇಕು. ಇಲ್ಲವಾದರೆ ಮರಳು ಪೇಟೆಗೆ ಹೋಗಿ, ಕೆಸರು ದಡದಲ್ಲಿ ಉಳಿದು, ಮುಂಗಾರಿನಲ್ಲಿ ಅದೇ ಕೆಸರು ಜಲಾಶಯಕ್ಕೆ ಇಳಿದು, ಮರುವರ್ಷ ಅದನ್ನೇ ತೆಗೆಯಲು ಮತ್ತೊಂದು ಬಿಲ್ಲು ತಯಾರಾದೀತು.

ಕೊನೆಯದಾಗಿ, ಹೂಳಿನ ಮೂಲವು ಹೊಸಪೇಟೆಯಲ್ಲಿಲ್ಲ. ಮೇಲಣ ಬೆಟ್ಟಗಳಲ್ಲಿ, ಬೋಳಾದ ಇಳಿಜಾರುಗಳಲ್ಲಿ, ಬದುವಿಲ್ಲದ ಹೊಲಗಳಲ್ಲಿದೆ. ಭದ್ರೆಯ ತಲೆಯಲ್ಲಿದ್ದ ಕುದುರೆಮುಖದ ಗಣಿಯು ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ 2005ರ ಕೊನೆಗೆ ನಿಂತಿತು. ಮೇಲೆ ಮಣ್ಣನ್ನು ಹಿಡಿಯುವುದು ಸಾಧ್ಯವೆಂಬುದಕ್ಕೆ ಅದೊಂದು ನಿದರ್ಶನ. ಮೇಲೆ ಹಿಡಿದ ಒಂದು ಬುಟ್ಟಿಯು ಕೆಳಗೆ ತೆಗೆದ ಹತ್ತು ಬುಟ್ಟಿಗಳಿಗಿಂತ ಅಗ್ಗ.

2024ರ ಆಗಸ್ಟಿನಲ್ಲಿ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ನಾಡೆಲ್ಲವೂ ಎಚ್ಚೆತ್ತಿತು. ಕೆಲವೇ ದಿನಗಳಲ್ಲಿ ಅಡ್ಡಹಲಗೆಗಳನ್ನು ಇಳಿಸಿ ನೀರನ್ನು ತಡೆದರು. ಗೇಟು ಮುರಿದರೆ ಸದ್ದಾಗುತ್ತದೆ. ಹೂಳು ಸದ್ದಿಲ್ಲದೆ ಬರುತ್ತದೆ. ಆ ವಾರ ತೋರಿದ ದಕ್ಷತೆಯನ್ನು ಅಧಿಕಾರಿವರ್ಗದವರು ಈ ಮೂಕ ಶತ್ರುವಿನ ವಿಷಯದಲ್ಲಿಯೂ ತೋರಲಿ. ಮುಂದಿನ ಬೇಸಗೆಗೆ ಮುಂಚೆಯೇ ಮಣ್ಣಿನ ಸ್ಥಳಗಳ ನಕ್ಷೆಯನ್ನು ತಾಲ್ಲೂಕುವಾರು ಪ್ರಕಟಿಸಿ ಗ್ರಾಮಸಭೆಗಳ ಮುಂದಿಡಲಿ. ಗುದ್ದಲಿಯ ಕೆಲಸ ಅಲ್ಲಿಂದಾಚೆಗೆ.