ಬಿಳಿ ವೈರಿನ ಕಥೆ

ಮಕ್ಕಳೇ, ಅಜ್ಜ-ಅಜ್ಜಿಯರೇ,

ಕಬ್ಬು ಅರೆಯುವ ಕಾಲ ಬಂತೆಂದರೆ ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯ ರಸ್ತೆಗಳಲ್ಲಿ ರಾತ್ರಿಯೂ ಟ್ರ್ಯಾಕ್ಟರ್‌ಗಳ ಸಾಲು. ಹಿಂದೆ ಒಂದೋ ಎರಡೋ ಟ್ರೇಲರ್, ಮೇಲೆ ಕಬ್ಬಿನ ಗುಡ್ಡ. ಟ್ರ್ಯಾಕ್ಟರಿನ ಹಿಂದಿನ ದೀಪ ಆ ಗುಡ್ಡದ ಮರೆಗೆ ಹೋಗಿಬಿಡುತ್ತದೆ. ಬೈಕಿನಲ್ಲಿ ಬರುವವನಿಗೆ ಕಾಣಬೇಕಾದ್ದು ಟ್ರೇಲರಿನ ದೀಪ. ಅದು ಉರಿಯದಿದ್ದರೆ ಅವನ ಮುಂದಿರುವುದು ಕತ್ತಲಲ್ಲಿ ತೆವಳುವ ಒಂದು ಗೋಡೆ.

ಈ ವಾರ ಆ ದೀಪಕ್ಕೆ ಹೋಗುವ ವೈರಿನ ವಿಚಾರ ಹೇಳುತ್ತೇನೆ.

ಟ್ರ್ಯಾಕ್ಟರಿನ ಹಿಂಬದಿಯಲ್ಲಿ ಮುಚ್ಚಳವಿರುವ ದುಂಡನೆಯ ಸಾಕೆಟ್ ನೋಡಿದ್ದೀರಲ್ಲ? ಏಳು ಪಿನ್ನಿನ ಸಾಕೆಟ್ಟಿಗೆ ಒಂದು ರೂಢಿಯ ಕ್ರಮವಿದೆ. 1ನೆಯದು ಹಳದಿ ವೈರು, ಎಡ ಇಂಡಿಕೇಟರ್. 4 ಹಸಿರು, ಬಲ ಇಂಡಿಕೇಟರ್. 6 ಕೆಂಪು, ಬ್ರೇಕ್. 5 ಮತ್ತು 7 ಹಿಂದೀಪಗಳಿಗೆ. 3ನೆಯದು ಬಿಳಿ, ಅದು ಅರ್ಥ್. ಆದರೆ ನಮ್ಮೂರ ರಿಪೇರಿಯಲ್ಲಿ ಅಂಗಡಿಯಲ್ಲಿ ಸಿಕ್ಕ ಬಣ್ಣದ ವೈರೇ ವೈರು! ಹಾಗಾಗಿ ಬಣ್ಣ ನಂಬಬೇಡಿ, ಪ್ಲಗ್ಗಿನೊಳಗೆ ಅಚ್ಚಾದ ಅಂಕಿ ನೋಡಿ.

ಬಿಳಿ ವೈರಿನ ಕೆಲಸವೇ ಎಲ್ಲಕ್ಕಿಂತ ಭಾರ. ಲೆಕ್ಕ ಹಾಕೋಣ ಬನ್ನಿ. ಎರಡು ಹಿಂದೀಪ 5 ವಾಟಿನಂತೆ 10, ಎರಡು ಬ್ರೇಕ್ ದೀಪ 21ರಂತೆ 42, ಮಿನುಗುವ ಒಂದು ಇಂಡಿಕೇಟರ್ 21. ಒಟ್ಟು 73 ವಾಟ್. ಬ್ಯಾಟರಿಯ 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 6 ಆಂಪಿಯರ್. ಬೇರೆ ಬೇರೆ ವೈರಿನಲ್ಲಿ ಹೋದ ಈ ಕರೆಂಟೆಲ್ಲ ವಾಪಸು ಬರುವುದು ಬಿಳಿ ವೈರೊಂದರಲ್ಲೇ.

ಅದು ತುಂಡಾದರೆ ತಮಾಷೆ ಶುರು. ಎಡ ಇಂಡಿಕೇಟರ್ ಹಾಕಿದರೆ ಬ್ರೇಕ್ ದೀಪ, ಹಿಂದೀಪ ಎಲ್ಲ ಮಂಕಾಗಿ ಮಿಣಮಿಣ ಅನ್ನುತ್ತವೆ. ದೆವ್ವವೇನಲ್ಲ. ಮನೆಗೆ ಹೋಗುವ ದಾರಿ ಮುಚ್ಚಿದ ಕರೆಂಟು ಉಳಿದ ಬಲ್ಬುಗಳೊಳಗೆ ಹಿಮ್ಮುಖವಾಗಿ ನುಗ್ಗಿ ಟ್ರ್ಯಾಕ್ಟರಿಗೆ ಮರಳಲು ನೋಡುತ್ತದೆ, ಅಷ್ಟೆ. ಕೆಲವರು ‘ಕಬ್ಬಿಣಕ್ಕೆ ಕಬ್ಬಿಣ ತಾಗಿದೆ, ಅರ್ಥ್ ವೈರು ಯಾಕೆ?’ ಎಂದು ಕೊಕ್ಕೆಯ ಪಿನ್ನನ್ನೇ ನೆಚ್ಚುತ್ತಾರೆ. ನನಗಂತೂ ಈ ಜಾಣತನ ಸ್ವಲ್ಪವೂ ಒಪ್ಪಿಗೆಯಿಲ್ಲ. ಆ ಪಿನ್ನಿಗೆ ಗ್ರೀಸು, ತುಕ್ಕು, ಧೂಳು ಮೆತ್ತಿರುತ್ತದೆ. ಅಂಗಳದಲ್ಲಿ ನಿಂತಾಗ ಉರಿದ ದೀಪ, ದಾರಿಯ ಮೊದಲ ಗುಂಡಿಯಲ್ಲೇ ಆರುತ್ತದೆ. ಅರ್ಥ್ ವೈರು ಕೂರುವ ಜಾಗವನ್ನು ಲೋಹ ಹೊಳೆಯುವವರೆಗೆ ಉಜ್ಜಿ, ಬೋಲ್ಟ್ ಬಿಗಿ ಮಾಡಿಸಿ.

ಟ್ರೇಲರ್ ಕಟ್ಟುವುದು ದೊಡ್ಡವರ ಕೆಲಸ. ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಕೊಕ್ಕೆಯ ಪಿನ್ನಿಗೆ ಕ್ಲಿಪ್ ಹಾಕಿದ ಮೇಲೆ ಪ್ಲಗ್. ಬಿಚ್ಚುವಾಗ ಮೊದಲು ಪ್ಲಗ್, ಆಮೇಲೆ ಪಿನ್. ಎಳೆಯುವಾಗ ಪ್ಲಗ್ಗಿನ ಮೈ ಹಿಡಿಯಿರಿ, ವೈರನ್ನಲ್ಲ. ಟ್ರ್ಯಾಕ್ಟರ್ ಪೂರ್ತಿ ತಿರುಗಿದರೂ ವೈರು ಬಿಗಿಯಬಾರದು, ಜೋತುಬಿದ್ದು ನೆಲ ಉಜ್ಜಲೂಬಾರದು. ಉಜ್ಜಿದರೆ ಮೇಲಿನ ಪ್ಲಾಸ್ಟಿಕ್ ಸವೆದು ತಾಮ್ರ ಹೊರಬರುತ್ತದೆ. 12 ವೋಲ್ಟ್ ಸಾಮಾನ್ಯವಾಗಿ ಶಾಕ್ ಹೊಡೆಯದು, ನಿಜ. ಆದರೆ ಶಾರ್ಟ್ ಆದ ವೈರು ಕೆಂಪಗೆ ಕಾಯುತ್ತದೆ; ಪಕ್ಕದಲ್ಲೇ ಒಣಗಿದ ಕಬ್ಬಿನ ರವದಿ! ಫ್ಯೂಸು ಹೋದರೆ ಅಷ್ಟೇ ಆಂಪಿಯರಿನ ಫ್ಯೂಸು ಹಾಕಿ. ತಾಮ್ರದ ಎಳೆ ಸುತ್ತಬೇಡಿ.

ಇನ್ನು ಮೊಮ್ಮಕ್ಕಳ ಪಾಳಿ. ಹೊರಡುವ ಮುಂಚೆ ಎಂಜಿನ್ ಆಫ್ ಇರುವಾಗಲೇ ಅಜ್ಜ ಸೀಟಿನಲ್ಲಿ ಕೂತು ಒಂದೊಂದೇ ಸ್ವಿಚ್ ಹಾಕಲಿ. ನೀವು ಓರೆಯಾಗಿ, ಟ್ರೇಲರಿನಿಂದ ಹತ್ತು ಹೆಜ್ಜೆ ದೂರ ನಿಂತು ‘ಎಡ ಬಂತು, ಬಲ ಬಂತು, ಬ್ರೇಕ್ ಬಂತು’ ಎಂದು ಕೂಗಿ. ಟ್ರ್ಯಾಕ್ಟರ್ ಮತ್ತು ಟ್ರೇಲರ್ ನಡುವೆ ಮಾತ್ರ ಯಾವತ್ತೂ ನುಸುಳಬೇಡಿ. ಎರಡು ಟ್ರೇಲರ್ ಇದ್ದರೆ ಕೊನೆಯದನ್ನೂ ನೋಡಿ. ಮೊದಲನೆಯದಕ್ಕೆ ವೈರು ಕೊಟ್ಟು, ಎರಡನೆಯದನ್ನು ಕುರುಡಾಗಿ ಬಿಟ್ಟ ಗಾಡಿಗಳನ್ನು ನಾನು ಎಷ್ಟೋ ಕಂಡಿದ್ದೇನೆ.

ಆಮೇಲೆ ಹಳೆಯ ಬಟ್ಟೆಯಿಂದ ದೀಪದ ಗಾಜು, ಕೆಂಪು ರಿಫ್ಲೆಕ್ಟರ್ ಒರೆಸಿಬಿಡಿ. ರಿಫ್ಲೆಕ್ಟರಿಗೆ ವೈರು ಬೇಡ, ಫ್ಯೂಸು ಬೇಡ. ಕೆಸರು ಮೆತ್ತಿಕೊಳ್ಳದಿದ್ದರೆ ಸಾಕು, ಹಿಂದೆ ಬರುವವನ ಬೆಳಕನ್ನೇ ಅವನಿಗೆ ವಾಪಸು ತೋರಿಸುತ್ತದೆ.