ಹೊಸ ಬಡಾವಣೆಗಳ ಋಣ

ಬೆಂಗಳೂರಿನ ಸುತ್ತಲಿನ 110 ಹಳ್ಳಿಗಳನ್ನು 2007ರಲ್ಲಿ ನಗರಕ್ಕೆ ಸೇರಿಸಿಕೊಂಡುದು ವಾಚಕ ಮಹಾಶಯರಿಗೆ ತಿಳಿದ ಸಂಗತಿಯೇ ಆಗಿದೆ. ಅವುಗಳಿಗೆ ನೀರನ್ನೊದಗಿಸತಕ್ಕ ಕಾವೇರಿ ಐದನೆಯ ಹಂತದ ಯೋಜನೆಯು ಉದ್ಘಾಟಿತವಾದುದು 2024ರ ಅಕ್ಟೋಬರಿನಲ್ಲಿ. ನಡುವಣ 17 ವರ್ಷಗಳಲ್ಲಿ ಹೊಲಗಳು ನಿವೇಶನಗಳಾದುವು, ನಿವೇಶನಗಳಲ್ಲಿ ಬಹು ಅಂತಸ್ತಿನ ಸೌಧಗಳೆದ್ದುವು. ನಿವಾಸಿಗಳು ಮಾತ್ರ ಕೊಳವೆಬಾವಿ ಬತ್ತಿದಾಗಲೆಲ್ಲ ಟ್ಯಾಂಕರಿನವನ ದಾರಿ ಕಾಯುತ್ತ ಕುಳಿತರು.

ಹೊಲವು ನಿವೇಶನವಾದೊಡನೆ ಅದರ ಬೆಲೆ ಏರುವುದು ಏತರಿಂದ? ಒಡೆಯನು ಎರಡು ಸಾಲು ಹೆಚ್ಚಾಗಿ ಉತ್ತನೆಂದಲ್ಲ. ರಸ್ತೆ, ನೀರು, ದೀಪಗಳು ಇಂದಲ್ಲ ನಾಳೆ ಅಲ್ಲಿಗೆ ಬಂದೇ ಬರುವುವೆಂಬ ನಂಬಿಕೆಯಿಂದ. ಎಂದರೆ, ಪುರಜನರೆಲ್ಲರ ಹಣದ ಮೇಲಣ ನಂಬಿಕೆಯಿಂದ. ಆ ಲಾಭದಲ್ಲಿ ಒಂದಂಶವನ್ನು ಊರಿಗೆ ಸಲ್ಲಿಸೆಂದು ಕೇಳುವುದು ಅನ್ಯಾಯವೂ ಅಲ್ಲ, ನೂತನವೂ ಅಲ್ಲ. ಧಾರವಾಡ, ಬೆಳಗಾವಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1915ರ ಅಲ್ಲಿಯ ನಗರರಚನಾ ಕಾಯಿದೆಯಲ್ಲಿಯೇ ಈ ತತ್ತ್ವವು ಅಂಗೀಕೃತವಾಗಿದ್ದಿತು. ನಮ್ಮ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯೂ ನೀರು ಸರಬರಾಜು, ವರ್ತುಲ ರಸ್ತೆ ಮೊದಲಾದುವುಗಳಿಗಾಗಿ ಕರವನ್ನೆತ್ತಲು ಅಧಿಕಾರವಿತ್ತಿದೆ.

ಬಡಾವಣೆಯ ಒಳಗೆ ರಸ್ತೆ ಚರಂಡಿಗಳನ್ನು ಮಾಡಿಸಿದೆವಲ್ಲಾ ಎಂದು ನಿರ್ಮಾಪಕರು ಹೇಳುತ್ತಾರೆ. ಸರಿ, ಆ ಚರಂಡಿಯು ಹೆಬ್ಬಾಗಿಲನ್ನು ದಾಟಿದ ಮೇಲೆ ಎಲ್ಲಿಗೆ ಹೋಗಬೇಕು? 2022ರ ಸೆಪ್ಟೆಂಬರಿನ ಮಳೆಯಲ್ಲಿ ಮಹದೇವಪುರದ ಕಡೆಯ ಸಿರಿವಂತರು ಟ್ರ್ಯಾಕ್ಟರು, ದೋಣಿಗಳಲ್ಲಿ ಮನೆಯಿಂದ ಹೊರಬಿದ್ದುದನ್ನು ದೇಶವೇ ಕಂಡಿತು. ಮಳೆಯ ನೀರು ಕಾಂಪೌಂಡಿನ ಗೋಡೆಯನ್ನು ಮನ್ನಿಸಲಿಲ್ಲ.

ಕರದ ಹೊರೆಯು ಕಟ್ಟಕಡೆಗೆ ಮನೆ ಕೊಳ್ಳುವ ಗುಮಾಸ್ತನ ತಲೆಗೇ ಬೀಳುವುದೆಂಬ ಆಕ್ಷೇಪಣೆಯಲ್ಲಿ ಅರ್ಧ ಸತ್ಯವುಂಟು. ದರವನ್ನು ಮುಂಚಿತವಾಗಿ ಪ್ರಕಟಿಸಿದರೆ ನಿರ್ಮಾಪಕನು ಭೂಮಿಯನ್ನು ಕೊಳ್ಳುವಾಗಲೇ ಅದನ್ನು ಲೆಕ್ಕಹಾಕಿ ಕ್ರಯವನ್ನು ತಗ್ಗಿಸುವನು. ಭಾರವು ಬಹುಮಟ್ಟಿಗೆ ಭೂಮಿಯ ಏರಿದ ಬೆಲೆಯ ಮೇಲೆ ಬೀಳುವುದು. ಭೂಮಿ ಕೈಸೇರಿದ ಮೇಲೆ ಒಂದು ಸುತ್ತೋಲೆಯಿಂದ ಹಠಾತ್ತನೆ ಏರಿಸಿದರೆ ಗುಮಾಸ್ತನಿಗೆ ಗತಿಯಿಲ್ಲ. ಆದುದರಿಂದ ದರವು ಐದು ವರ್ಷಗಳಿಗೊಮ್ಮೆ ನಿಶ್ಚಿತವಾಗಿ, ನಡುವೆ ಕದಲದಂತಿರಬೇಕು.

ನಮ್ಮ ದೊಡ್ಡ ದೂರು ನಿರ್ಮಾಪಕರ ಮೇಲಲ್ಲ, ವಸೂಲಿಯಾದ ಹಣವನ್ನು ಸಾಮಾನ್ಯ ಖಜಾನೆಯಲ್ಲಿ ಬೆರೆಸುವ ಪದ್ಧತಿಯ ಮೇಲೆ. ನೀರಿನ ಹೆಸರಿನಲ್ಲಿ ಕೊಟ್ಟ ಹಣವು ಸಂಬಳ ಸಾರಿಗೆಗಳಲ್ಲಿ ಕರಗಿದರೆ ಕೊಟ್ಟವನು ಕೇಳುವುದೆಲ್ಲಿ? ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮೊದಲು ಬೀದಿಗಳು ಹುಟ್ಟಿ, ಬಳಿಕ ಮನೆಗಳು ಬಂದುವೆಂಬುದನ್ನು ಅಧಿಕಾರಿಗಳು ನೆನೆಯಬೇಕು.

2025ರಲ್ಲಿ ನಗರಕ್ಕೆ ಐದು ಪಾಲಿಕೆಗಳಾಗಿವೆ. ಪ್ರತಿಯೊಂದು ಪಾಲಿಕೆಯೂ ಬಡಾವಣೆವಾರು ಪ್ರತ್ಯೇಕ ನಿಧಿಯನ್ನಿಟ್ಟು, ಬಂದುದೆಷ್ಟು, ಹಾಕಿದ ಕೊಳವೆಯೆಷ್ಟು ಎಂಬ ಲೆಕ್ಕವನ್ನು ಆಯವ್ಯಯದೊಡನೆ ಅಚ್ಚುಮಾಡಿಸಲಿ. ಕೊಳವೆಯು ಬಾಗಿಲಿಗೆ ಬಾರದೆ ವಾಸಯೋಗ್ಯಪತ್ರವನ್ನು ಕೊಡಕೂಡದು.