ಪ್ಯೊಂಗ್ಯಾಂಗಿನ ಮಲ್ಲಕಾಳಗ

ಉತ್ತರ ಕೊರಿಯದ ರಾಜಧಾನಿಯಾದ ಪ್ಯೊಂಗ್ಯಾಂಗ್ ನಗರದ ನಡುವೆ ತೇಡಾಂಗ್ ಎಂಬ ನದಿ ಹರಿಯುತ್ತದೆ. ಆ ನದಿಯ ನಡುಗಡ್ಡೆಯೊಂದರ ಮೇಲೆ, ಅರಳಿದ ಹೂವಿನ ದಳಗಳಂತೆ ಕಮಾನುಗಳನ್ನು ಸುತ್ತ ಜೋಡಿಸಿ ಕಟ್ಟಿದ ಭಾರಿ ಕ್ರೀಡಾಂಗಣವೊಂದಿದೆ. 1989ರಲ್ಲಿ ವಿಶ್ವದ ಯುವಜನರ ಉತ್ಸವಕ್ಕಾಗಿ ಸಿದ್ಧಗೊಂಡ ಆ ಮೇ ದಿನದ ಕ್ರೀಡಾಂಗಣದಲ್ಲಿ 1995ರ ಏಪ್ರಿಲ್ 28 ಮತ್ತು 29ರಂದು ಜಪಾನಿನ ವೃತ್ತಿಮಲ್ಲರು ಕಾದಾಡಿದರು. ಅಮೆರಿಕದ ಕೆಲವು ಮಲ್ಲರೂ ಅವರೊಡನೆ ಬಂದಿದ್ದರು. ದಿನವೊಂದಕ್ಕೆ ಒಂದೂವರೆ ಲಕ್ಷಕ್ಕೆ ಕಡಿಮೆಯಿಲ್ಲದ ಜನ ಸೇರಿದ್ದರೆಂದು ಪ್ರಕಟವಾಯಿತು. ಎರಡನೆಯ ದಿನದ ಸಂಖ್ಯೆಯನ್ನು 1,90,000ದವರೆಗೆ ಏರಿಸಿದವರೂ ಉಂಟು. ಎಣಿಕೆಯಲ್ಲಿ ಭೇದವಿದೆ, ವೃತ್ತಿ ಮಲ್ಲಯುದ್ಧವು ಅಂಥ ಸಭೆಯನ್ನು ಮತ್ತೊಮ್ಮೆ ಕಂಡಿಲ್ಲವೆಂಬುದರಲ್ಲಿ ಭೇದವಿಲ್ಲ. ಅದು ನಡೆದು ಮೂವತ್ತು ವರ್ಷ ಸಂದಿತು. ಅದನ್ನು ನಡೆಯಿಸಿದ ಆಂಟೋನಿಯೊ ಇನೋಕಿಯೂ 2022ರ ಅಕ್ಟೋಬರ್ 1ರಂದು ತೀರಿಕೊಂಡ.

ಕುಸ್ತಿಯ ಸುದ್ದಿಗೂ ಸಾಹಿತ್ಯದ ಪುಟಕ್ಕೂ ಏನು ನಂಟೆಂದು ಓದುಗರು ಹುಬ್ಬೇರಿಸಬಹುದು. ನಂಟಿದೆ. ವೃತ್ತಿ ಮಲ್ಲಯುದ್ಧವೆಂಬುದು ನಮ್ಮ ಗರಡಿಯ ಕುಸ್ತಿಯಂಥದಲ್ಲ. ಗರಡಿಯ ಕೆಮ್ಮಣ್ಣಿನಲ್ಲಿ ಇಬ್ಬರು ಪೈಲ್ವಾನರು ಎದುರಾದಾಗ ಯಾರ ಬೆನ್ನು ಮಣ್ಣಿಗೆ ತಾಗುವುದೋ ಅವರಿಗೂ ತಿಳಿಯದು. ಇಲ್ಲಾದರೋ ಗೆಲ್ಲುವವನು ಯಾರೆಂಬುದು ಕಣಕ್ಕಿಳಿಯುವ ಮೊದಲೇ ನಿಶ್ಚಯವಾಗಿರುತ್ತದೆ. ಬೀಳುವುದು ನಿಜ, ನೋವು ನಿಜ, ಮುರಿಯುವ ಮೂಳೆಯೂ ನಿಜ. ತೀರ್ಪು ಮಾತ್ರ ಪೂರ್ವನಿಶ್ಚಿತ. ಆದಕಾರಣ ಅದನ್ನು ಮೋಸವೆಂದು ತಳ್ಳಿಹಾಕುವವರು ಬಹಳ. ನಾನು ಹಾಗೆ ತಳ್ಳಿಹಾಕಲಾರೆ. ರನ್ನನ ಗದಾಯುದ್ಧವನ್ನು ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿಯೊಬ್ಬ ಕೇಳಿದ್ದನು: "ದುರ್ಯೋಧನ ತೊಡೆ ಮುರಿದು ಬೀಳುತ್ತಾನೆಂದು ಮೊದಲೇ ಗೊತ್ತಲ್ಲ ಸಾರ್, ಮತ್ತೇಕೆ ಓದಬೇಕು?" ಬಯಲಾಟಕ್ಕೆ ಹೋಗಿದ್ದೀಯಾ ಎಂದು ನಾನು ಅವನನ್ನೇ ಕೇಳಿದೆ. ಕೌರವನ ಗತಿ ಏನಾಗುವುದೆಂದು ಅಲ್ಲಿ ಮುಂದಿನ ಸಾಲಿನಲ್ಲಿ ತೂಕಡಿಸುವ ಮಗುವಿಗೂ ಗೊತ್ತು. ಆದರೂ ಜನ ಬೆಳಗಿನ ಜಾವದವರೆಗೆ ಕೂತಿರುತ್ತಾರೆ. ವೇಷಧಾರಿ ಸೊಗಸಾಗಿ ಮಾತನಾಡಿದರೆ ತಲೆದೂಗುತ್ತಾರೆ. ಸಪ್ಪೆಯಾದರೆ ಎದ್ದು ಹೋಗಿ ಚಹಾ ಕುಡಿಯುತ್ತಾರೆ. ಹೀಗೆ ಎದ್ದು ಹೋಗಬಲ್ಲವನು ಕೂತಿದ್ದಾನೆ ಎಂಬುದರಿಂದಲೇ ವೇಷಧಾರಿಗೆ ಮರ್ಯಾದೆ. ನಮ್ಮ ಆಲಂಕಾರಿಕರು ಸಹೃದಯನೆಂದು ಕರೆದವನಿಗೆ ಈ ಸ್ವಾತಂತ್ರ್ಯವಿದ್ದೇ ಇದೆಯೆಂದು ಭಾವಿಸಿಕೊಂಡಿದ್ದರು. ಅದನ್ನು ಬೇರೆಯಾಗಿ ಹೇಳುವ ಅಗತ್ಯ ಅವರಿಗೆ ತೋರಲಿಲ್ಲ.

ಪ್ಯೊಂಗ್ಯಾಂಗಿನ ಕಥೆ ಆರಂಭವಾಗುವುದು ಇನೋಕಿಯ ಗುರುವಿನಿಂದ. ರಿಕಿದೋಜಾನ್ ಎಂಬ ಹೆಸರು ಯುದ್ಧಾನಂತರದ ಜಪಾನಿನಲ್ಲಿ ಮನೆಮಾತಾಗಿತ್ತು. ಸೂಮೊ ಮಲ್ಲನಾಗಿದ್ದ ಆತ 1950ರಲ್ಲಿ ಅದನ್ನು ಬಿಟ್ಟು ವೃತ್ತಿ ಮಲ್ಲಯುದ್ಧಕ್ಕೆ ಬಂದ. 1954ರ ಫೆಬ್ರವರಿಯಲ್ಲಿ ಅಮೆರಿಕದಿಂದ ಬಂದ ಷಾರ್ಪ್ ಸೋದರರನ್ನು ಆತ ಕೈಯಂಚಿನಿಂದ ಕತ್ತರಿಸುವಂತೆ ಹೊಡೆದು ಕೆಡಹುತ್ತಿದ್ದಾಗ, ಬೀದಿಗಳಲ್ಲಿ ನಿಲ್ಲಿಸಿದ್ದ ದೂರದರ್ಶನದ ಪೆಟ್ಟಿಗೆಗಳ ಮುಂದೆ ಜನ ಕಿಕ್ಕಿರಿದು ನಿಂತು ಕೂಗಿದರು. ಸೋತ ನಾಡು, ಪರದೇಶದ ಸೇನೆಯ ಆಡಳಿತ ತೊಲಗಿ ಎರಡು ವರ್ಷವೂ ತುಂಬಿರಲಿಲ್ಲ. ನಮ್ಮ ಹಿರಿಯರಿಗೆ ದಾರಾಸಿಂಗನ ಎದುರಾಳಿಯೆಂದು ಪರಿಚಿತನಾದ ಕಿಂಗ್‌ಕಾಂಗನನ್ನು ಸಹ ರಿಕಿದೋಜಾನ್ 1955ರಲ್ಲಿ ಸೋಲಿಸಿ ಏಷ್ಯದ ಪಟ್ಟವನ್ನು ಪಡೆದ. ಜಪಾನಿನ ಮಾನವನ್ನು ಎತ್ತಿ ಹಿಡಿದ ಈ ವೀರನ ಹುಟ್ಟುಹೆಸರು ಕಿಮ್ ಸಿನ್‌ರಾಕ್. ಹುಟ್ಟಿದ್ದು ಈಗ ಉತ್ತರ ಕೊರಿಯವಾಗಿರುವ ನೆಲದಲ್ಲಿ. ಕೊರಿಯನರೆಂದರೆ ಕೀಳೆಂದು ಕಾಣುತ್ತಿದ್ದ ಸಮಾಜದಲ್ಲಿ ಆತ ಅದನ್ನು ಬಚ್ಚಿಟ್ಟ. ಕರ್ಣನ ಕಥೆಯನ್ನು ಬಲ್ಲ ನಮಗೆ ಆ ಬಚ್ಚಿಡುವಿಕೆಯ ಭಾರವನ್ನು ಯಾರೂ ವಿವರಿಸಬೇಕಾಗಿಲ್ಲ. 1963ರ ಡಿಸೆಂಬರಿನಲ್ಲಿ ಟೋಕಿಯೊದ ಮದ್ಯಶಾಲೆಯೊಂದರ ಜಗಳದಲ್ಲಿ ಇರಿತಕ್ಕೆ ಒಳಗಾಗಿ, ವಾರವೊಂದು ಕಳೆಯುವಷ್ಟರಲ್ಲಿ ಸತ್ತ. ಜಪಾನು ಆತನನ್ನು ತನ್ನವನೆಂದು ಶೋಕಿಸಿತು. ತರುವಾಯ ಉತ್ತರ ಕೊರಿಯವೂ ಆತನನ್ನು ತನ್ನವನೆಂದು ಕೊಂಡಾಡಿತು.

ಯೊಕೊಹಾಮದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿ ಮನೆಯವರೊಡನೆ ಬ್ರೆಜಿಲಿಗೆ ವಲಸೆ ಹೋಗಿದ್ದ ಇನೋಕಿಯನ್ನು 1960ರಲ್ಲಿ ಗುರುತಿಸಿ ಕರೆತಂದವನು ಈ ರಿಕಿದೋಜಾನ್. ಶಿಷ್ಯನು 1972ರಲ್ಲಿ ತನ್ನದೇ ಸಂಸ್ಥೆ ಕಟ್ಟಿದ. 1976ರ ಜೂನ್ 26ರಂದು ಟೋಕಿಯೊದ ಬುಡೊಕಾನಿನಲ್ಲಿ ಮುಷ್ಟಿಮಲ್ಲ ಮಹಮ್ಮದ್ ಅಲಿಯನ್ನು ಎದುರಿಸಿದ. ಹದಿನೈದು ಸುತ್ತಿನ ಆ ಸ್ಪರ್ಧೆಯ ಬಹುಪಾಲು ಹೊತ್ತು ಇನೋಕಿ ನೆಲದ ಮೇಲೆ ಅಂಗಾತ ಬಿದ್ದುಕೊಂಡು ಅಲಿಯ ಕಾಲಿಗೆ ಒದ್ದ. ಕೊನೆಗೆ ಸಮವೆಂದು ತೀರ್ಪಾಯಿತು. ವಿಚಿತ್ರವೇನೆಂದರೆ ಆತನ ಬಾಳಿನ ಇತರ ಕಾಳಗಗಳಂತೆ ಇದಕ್ಕೆ ಪೂರ್ವನಿಶ್ಚಯವಿರಲಿಲ್ಲವೆಂದೇ ಬಲ್ಲವರ ಅಭಿಪ್ರಾಯ. ಜನ ಮೋಸವೆಂದು ಕೂಗಿ ಕೈಗೆ ಸಿಕ್ಕಿದ್ದನ್ನು ಎಸೆದದ್ದು ಈ ನಿಜವಾದ ಕಾಳಗದ ದಿನವೇ!

1989ರಲ್ಲಿ ಇನೋಕಿ ಕ್ರೀಡೆ ಮತ್ತು ಶಾಂತಿಯ ಹೆಸರಿನಲ್ಲಿ ಪಕ್ಷವೊಂದನ್ನು ಕಟ್ಟಿ ಜಪಾನಿನ ಮೇಲ್ಮನೆಯನ್ನು ಪ್ರವೇಶಿಸಿದ. ಮರುವರ್ಷ ಇರಾಕು ಕುವೈತನ್ನು ನುಂಗಿ ಪರದೇಶೀಯರನ್ನು ಒತ್ತೆಯಿಟ್ಟುಕೊಂಡಾಗ, ಸರಕಾರದ ಅಸಮ್ಮತಿಯನ್ನು ಲೆಕ್ಕಿಸದೆ ಬಾಗ್ದಾದಿಗೆ ಹೋಗಿ ಅಲ್ಲಿ ಮಲ್ಲಯುದ್ಧದ ಉತ್ಸವ ನಡೆಯಿಸಿದ. ಜಪಾನೀ ಒತ್ತೆಯಾಳುಗಳು ಬಿಡುಗಡೆಗೊಂಡರು. ಬಿಡುಗಡೆಗೆ ಕಾರಣ ಅದೊಂದೇ ಅಲ್ಲದಿರಬಹುದು; ಆದರೆ ಅವರ ಮನೆಯವರು ಆತನನ್ನು ಮರೆತಿರಲಾರರು. ಕುಸ್ತಿಯ ಕಣ ಕಟ್ಟಿದಲ್ಲಿ ದ್ವೇಷ ತಗ್ಗುತ್ತದೆಯೆಂಬ ನಂಬಿಕೆ ಆತನಲ್ಲಿ ಬೇರೂರಿದ್ದು ಅಲ್ಲಿಂದಲೇ ಇರಬೇಕು. ಜಪಾನಿಗೂ ಉತ್ತರ ಕೊರಿಯಕ್ಕೂ ರಾಯಭಾರದ ಸಂಬಂಧವೇ ಇಲ್ಲ. ಗುರುವಿನ ಹುಟ್ಟುನಾಡೆಂಬ ಎಳೆಯೊಂದನ್ನು ಹಿಡಿದು ಇನೋಕಿ ಅಲ್ಲಿಗೂ ದಾರಿ ಮಾಡಿಕೊಂಡ.

ಕಿಮ್ ಇಲ್ ಸುಂಗ್ 1994ರ ಜುಲೈಯಲ್ಲಿ ಸತ್ತು ಇನ್ನೂ ವರ್ಷ ತುಂಬಿರಲಿಲ್ಲ. ಅಮೆರಿಕದಿಂದ ರಿಕ್ ಫ್ಲೇರ್ ಮೊದಲಾದವರು ಬಂದರು. ಜಪಾನಿನ ಸ್ತ್ರೀಮಲ್ಲರು ಬಂದರು. ಕಂಪವಾತದಿಂದ ಬಳಲುತ್ತಿದ್ದ ಅಲಿಯೂ ಹಳೆಯ ಎದುರಾಳಿಯ ಕರೆಗೆ ಓಗೊಟ್ಟು ಬಂದ. ಬಂದಿಳಿದೊಡನೆ ಪಾಸ್‌ಪೋರ್ಟುಗಳನ್ನು ವಶಪಡಿಸಿಕೊಂಡು, ಹೋದಲ್ಲೆಲ್ಲ ಹಿಂದೆಯೇ ಬರುವ ಕಾವಲಿನವರನ್ನು ನೇಮಿಸಿದರೆಂದು ಅಮೆರಿಕದವರು ಆಮೇಲೆ ಹೇಳಿಕೊಂಡಿದ್ದಾರೆ. ಕಾಳಗಕ್ಕೆ ಮುನ್ನ ಸಾಮೂಹಿಕ ವ್ಯಾಯಾಮದ ಪ್ರದರ್ಶನವಿತ್ತು. ಪ್ರೇಕ್ಷಕರ ಮೆಟ್ಟಿಲುಗಳ ಒಂದು ಪಾರ್ಶ್ವದಲ್ಲಿ ಕೂತವರು ಬಣ್ಣದ ಹಲಗೆಗಳನ್ನು ಒಂದೇ ಕ್ಷಣದಲ್ಲಿ ತಿರುಗಿಸಿ ಬೃಹತ್ ಚಿತ್ರಗಳನ್ನು ಮೂಡಿಸಿದರು. ಅಲ್ಲಿ ಮನುಷ್ಯನೊಬ್ಬ ಚಿತ್ರದ ಒಂದು ಚುಕ್ಕೆ. ಅವನು ಕೈ ತಡಮಾಡಿದರೆ ಚಿತ್ರ ಕೆಡುತ್ತದೆ.

ಬಳಿಕ ಮಲ್ಲರು ಇಳಿದರು. ಹಿಂದೆಂದೂ ಕೇಳದಂಥ ಮೌನ ಅವರನ್ನು ಎದುರುಗೊಂಡಿತು. ಒಂದೂವರೆ ಲಕ್ಷ ಜನ ಉಸಿರು ಬಿಗಿಹಿಡಿದಂತೆ ಕೂತಿದ್ದರೆಂದು ಕಣಕ್ಕಿಳಿದವರೇ ಹೇಳುತ್ತಾರೆ. ಆ ಪ್ರೇಕ್ಷಕರಲ್ಲಿ ಹೆಚ್ಚಿನವರು ಅಂಥ ಆಟವನ್ನು ಕಂಡವರೇ ಅಲ್ಲ. ಯಾರು ಒಳ್ಳೆಯವ, ಯಾರು ಕೆಟ್ಟವ, ಎಲ್ಲಿ ಚಪ್ಪಾಳೆ, ಎಲ್ಲಿ ಛೀಮಾರಿ ಎಂಬ ಒಡಂಬಡಿಕೆ ಅವರಿಗೆ ಗೊತ್ತಿರಲಿಲ್ಲ. ಯಕ್ಷಗಾನವನ್ನರಿಯದ ಊರಿಗೆ ಮೇಳವೊಂದು ಹೋಗಿ ಗಂಟಲು ಹರಿಯುವಂತೆ ಅರ್ಥ ಹೇಳಿದರೆ ಹೇಗೋ ಹಾಗೆ. ಮೊದಲ ದಿನದ ಮುಖ್ಯ ಕಾಳಗ, ಷಿನ್ಯ ಹಶಿಮೊಟೊ ಮತ್ತು ಅಮೆರಿಕದ ಸ್ಕಾಟ್ ನಾರ್ಟನ್ ನಡುವಣದು, ಇಪ್ಪತ್ತು ನಿಮಿಷ ನಡೆದು ಸಮವಾಯಿತು. ಎರಡನೆಯ ದಿನ ಇನೋಕಿ ಫ್ಲೇರನನ್ನು ಎದುರಿಸಿದ. ಒಬ್ಬನಿಗೆ ಐವತ್ತೆರಡು, ಮತ್ತೊಬ್ಬನಿಗೆ ನಲವತ್ತಾರು. ಕಾಲು ಗಂಟೆಯಷ್ಟು ನಡೆದ ಆ ಕಾಳಗದಲ್ಲಿ ಮಾತ್ರ ಸಭೆಗೆ ದನಿ ಬಂತು. ಕಥೆಯ ಸೂತ್ರವೀಗ ಅವರ ಕೈಗೆ ಸಿಕ್ಕಿತ್ತು: ತಮ್ಮ ನಾಡಿನ ಮಗನ ಶಿಷ್ಯನೊಬ್ಬ, ಎದುರಿಗೆ ಹೊಂಬಣ್ಣದ ಕೂದಲಿನ ಅಮೆರಿಕದವ. ಮುಂದಿನದನ್ನು ಊಹಿಸುವುದು ಕಷ್ಟವಲ್ಲ. ಇನೋಕಿ ಗೆದ್ದ.

ಇಲ್ಲಿ ನನ್ನ ಮನಸ್ಸು ಎರಡಾಗುತ್ತದೆ. ದೃಶ್ಯಮುದ್ರಿಕೆಯಲ್ಲಿ ಆ ಗದ್ದಲವನ್ನು ಕೇಳಿದಾಗ ಅದು ಬರಿಯ ಅಪ್ಪಣೆಯ ಚಪ್ಪಾಳೆಯೆಂದು ಹೇಳಲು ನಾಲಗೆ ಏಳುವುದಿಲ್ಲ. ಒಬ್ಬನು ಎತ್ತಿ ಒಗೆದಾಗ ಇನ್ನೊಬ್ಬನ ಬೆನ್ನು ನೆಲಕ್ಕೆ ಬಡಿಯುವ ಸದ್ದಿಗೆ ಮನುಷ್ಯನ ಗಂಟಲು ತಾನಾಗಿಯೇ ಉತ್ತರ ಕೊಡುತ್ತದೆ; ಅದಕ್ಕೆ ಯಾವ ಪಕ್ಷದ ಆಜ್ಞೆಯೂ ಬೇಡ. ಆದರೆ ಒಂದೂವರೆ ಲಕ್ಷ ಜನರನ್ನು ಎರಡು ದಿನ ಅಲ್ಲಿ ಕೂರಿಸಿದ್ದು ಕುಸ್ತಿಯ ಆಸೆಯಲ್ಲ, ಆಳುವವರ ಇಚ್ಛೆ. ಸಪ್ಪೆಯಾಯಿತೆಂದು ಎದ್ದು ಚಹಾ ಕುಡಿಯಲು ಹೋಗುವವನು ಅಲ್ಲಿರಲಿಲ್ಲ. ಕಾಳಗದ ತೀರ್ಪನ್ನು ಮೊದಲೇ ಬರೆದಿದ್ದಾರೆಂದು ವೃತ್ತಿ ಮಲ್ಲಯುದ್ಧವನ್ನು ಹಳಿಯುತ್ತೇವಲ್ಲ, ಅಂದು ಮೊದಲೇ ಬರೆದಿದ್ದುದು ಪ್ರೇಕ್ಷಕನ ಪಾತ್ರ. ಸ್ವದೇಶಕ್ಕೆ ಹೊರಡುವ ಮುನ್ನ ಆ ನಾಡನ್ನು ಹೊಗಳುವ ಮಾತುಗಳನ್ನು ತನ್ನಿಂದಲೂ ಆಡಿಸಲು ನೋಡಿದರೆಂದು ಫ್ಲೇರ್ ಆಮೇಲೆ ಹೇಳಿಕೊಂಡಿದ್ದಾನೆ. ಮಲ್ಲರಿಗೂ ಅಲ್ಲಿ ಇನ್ನೊಂದು ವೇಷ ಸಿದ್ಧವಾಗಿತ್ತು.

ಇನೋಕಿ ಇದನ್ನು ಅರಿಯದವನೆ? ಜನರ ಕೂಗನ್ನು ಅಳೆದು ಬದುಕಿದ ಮನುಷ್ಯ, ಅರಿತಿರಲೇಬೇಕು. ಆದರೂ ಮುಚ್ಚಿದ ಬಾಗಿಲನ್ನು ತಟ್ಟುವವನು ಒಳಗಿನವರ ಷರತ್ತನ್ನು ಒಪ್ಪಲೇಬೇಕೆಂದು ಬಗೆದನೇನೋ. ಆ ವಾದವನ್ನು ಸಾರಾಸಗಟಾಗಿ ತಳ್ಳುವಂತಿಲ್ಲ. ಆ ಬೇಸಗೆಯಲ್ಲೇ ಉತ್ತರ ಕೊರಿಯ ಜಪಾನಿನಿಂದ ಅಕ್ಕಿಯನ್ನು ಬೇಡಿ ಪಡೆಯಿತು. ಅದರ ಬೆನ್ನಿಗೇ ಪ್ರವಾಹ ಬಂತು, ಲಕ್ಷಾಂತರ ಜನರನ್ನು ಬಲಿತೆಗೆದುಕೊಂಡ ಕ್ಷಾಮವೂ ಬಂತು. ಕ್ರೀಡಾಂಗಣದಲ್ಲಿ ಹಲಗೆ ತಿರುಗಿಸಿದ ಮಕ್ಕಳಲ್ಲಿ ಎಷ್ಟು ಮಂದಿ ಅದನ್ನು ದಾಟಿದರೋ! ಇನ್ನೊಂದು ಸಂಗತಿ 2002ರ ಸೆಪ್ಟೆಂಬರಿನಲ್ಲಿ ಹೊರಬಿತ್ತು. ಜಪಾನಿನ ಪ್ರಧಾನಿ ಕೊಯಿಜುಮಿ ಪ್ಯೊಂಗ್ಯಾಂಗಿಗೆ ಹೋದಾಗ, ತನ್ನವರು 13 ಮಂದಿ ಜಪಾನೀಯರನ್ನು ಅಪಹರಿಸಿದ್ದುಂಟೆಂದು ಕಿಮ್ ಜಾಂಗ್ ಇಲ್ ಒಪ್ಪಿಕೊಂಡ. ಎಂಟು ಜನ ಸತ್ತರೆಂದ. ಐವರು ಮಾತ್ರ ಮರುತಿಂಗಳು ತಾಯ್ನಾಡನ್ನು ಕಂಡರು. ಎಂದರೆ ಟೋಕಿಯೊದಿಂದ ಬಂದ ಮಲ್ಲರು ಶಾಂತಿಯ ಹೆಸರಿನಲ್ಲಿ ಕೈಯೆತ್ತಿ ವಂದಿಸುತ್ತಿದ್ದಾಗ ಈ ಐವರು ಅದೇ ನಾಡಿನಲ್ಲಿ ಸೆರೆಯಲ್ಲಿದ್ದರು. ಇದು ಇನೋಕಿಯ ಅಪರಾಧವೆಂದು ಹೇಳುತ್ತಿಲ್ಲ. ಆದರೆ ಇದನ್ನು ತಿಳಿದ ಮೇಲೆ ಆ ಎರಡು ದಿನಗಳ ಚಿತ್ರಗಳನ್ನು ಮೊದಲಿನ ಕಣ್ಣಿನಿಂದ ನೋಡಲಾಗುವುದಿಲ್ಲ.

ಇನೋಕಿಗೆ ಸಿಕ್ಕ ಫಲವೂ ಸಿಹಿಯಾಗಿರಲಿಲ್ಲ. ಮೂರು ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ಸೋತ. ಪ್ಯೊಂಗ್ಯಾಂಗಿನ ವೆಚ್ಚದಿಂದ ಆತನ ಸಂಸ್ಥೆ ಸಾಲಕ್ಕೆ ಸಿಕ್ಕಿತೆಂದೂ, ಅದರಿಂದ ಪಾರಾಗಲೆಂದೇ ವೈರಿ ಸಂಸ್ಥೆಯೊಂದರ ಮಲ್ಲರೊಡನೆ ಅದೇ ಅಕ್ಟೋಬರ್ 9ರಂದು ಟೋಕಿಯೊ ಡೋಮಿನಲ್ಲಿ ಕಾಳಗ ಏರ್ಪಡಿಸಿತೆಂದೂ ಹೇಳುವುದುಂಟು. ಅಂದು 67,000 ಜನ ಬಂದರೆಂದು ಪ್ರಕಟವಾಯಿತು. ಕೇಜಿ ಮುಟೊ ಎದುರಾಳಿ ನೊಬುಹಿಕೊ ತಕಾಡನನ್ನು ಕಾಲಿನ ಪಟ್ಟು ಹಾಕಿ ಸೋಲೊಪ್ಪಿಸಿದ. ಅದರ ತೀರ್ಪೂ ಮೊದಲೇ ಬರೆದದ್ದೇ. ಆದರೆ ಎರಡು ಬಣವಾಗಿ ಒಡೆದಿದ್ದ ಆ ಸಭೆಯಲ್ಲಿ ಮೊದಲ ಜೋಡಿ ಕಣಕ್ಕೆ ಬರುವ ಮುನ್ನವೇ ಕಿವಿಗಡಚಿಕ್ಕುವ ಕೂಗು. ಒಂದೊಂದು ಪಟ್ಟಿಗೂ ಒಂದು ಬಣ ಬೊಬ್ಬಿರಿದರೆ ಇನ್ನೊಂದು ಬಣ ನರಳುತ್ತಿತ್ತು. ತಕಾಡನ ಪಕ್ಷದವರು ಮುಖ ಇಳಿಬಿಟ್ಟುಕೊಂಡು ಮನೆಗೆ ಹೋದರು.

ಪ್ಯೊಂಗ್ಯಾಂಗಿನ ನಂಟನ್ನು ಇನೋಕಿ ಬಿಡಲಿಲ್ಲ. 2013ರಲ್ಲಿ ಮತ್ತೆ ಮೇಲ್ಮನೆಗೆ ಆಯ್ಕೆಯಾದ. ಅದೇ ವರ್ಷ ಅಪ್ಪಣೆಯಿಲ್ಲದೆ ಅಲ್ಲಿಗೆ ಹೋದನೆಂದು ಸದನ ಆತನನ್ನು ಮೂವತ್ತು ದಿನ ಹೊರಗಿಟ್ಟಿತು. 2014ರ ಆಗಸ್ಟಿನ ಕೊನೆಗೆ ಅಲ್ಲಿ ಇನ್ನೊಂದು ಮಲ್ಲೋತ್ಸವ ನಡೆಯಿಸಿದ. ಈ ಸಲ ನಡುಗಡ್ಡೆಯ ಕ್ರೀಡಾಂಗಣದಲ್ಲಲ್ಲ, ಊರೊಳಗಿನ ಒಳಾಂಗಣವೊಂದರಲ್ಲಿ. 2019ರಲ್ಲಿ ರಾಜಕೀಯದಿಂದ ನಿವೃತ್ತನಾದ. ಜಪಾನಿಗೂ ಉತ್ತರ ಕೊರಿಯಕ್ಕೂ ನಡುವೆ ರಾಯಭಾರದ ಸಂಬಂಧ ಕೂಡುವುದನ್ನು ಕಾಣದೆಯೇ, ತನ್ನ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡ.